ಯಾವ ಮಗ್ಗುಲಿಗೆ ಹೊರಳಿಸಿದಿರಿ?

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಎರಡನೇ ಮಹಡಿಯ ಪುಟ್ಟ ಮನೆಯ ಒಳಕೋಣೆಯಲ್ಲಿ ಕಂಡಕ್ಟರಕ್ಕ ಅಂಗೈಗಳೆರಡನ್ನೂ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುವವರು ಅವರ ಅತ್ತೆ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದಾಗ ಮೈಯ ಬಲಭಾಗವೂ ಬಾಯಿಯ ಮಾತೂ ಒಟ್ಟಿಗೇ ಹೋದವು, ಎಡಗೈಯೊಂದು ಉಳಿಯಿತು. "ಅತ್ತೆ, ಈಗ ಕಿಟಕಿ ಕಡೆ ಹೊರಳಿಸ್ತೀನಿ. ಪೇಪರ್‌ನವರು ಬಂದು ಸ್ಟೂಲ್ ಮೇಲೆ ಕೂತಿದಾರೆ. ಕೆಂಪು ಶರ್ಟು, ತಲೆ ಬಾಚಿಲ್ಲ" ಎಂದು ನನ್ನ ವರದಿ ಒಪ್ಪಿಸಿ, ಭುಜದ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ ಕೊಟ್ಟು ಮೆಲ್ಲಗೆ ತಿರುಗಿಸುತ್ತಾರೆ. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೊಂದು ದಿಂಬು. ನಾನು ತಲೆಗೂದಲು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಕೆಲಸ ಮುಗಿದು ಅವರ ಕೈಗೆ ಫೋನು ಬಂದಿದೆ.

"ಈಗ ಎರಡನೇ ಡ್ಯೂಟಿ" ಎನ್ನುತ್ತಾರೆ. ಬಾಗಿಲಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದಾರೆ. ಬಾಗಿಲು ಎಂದರೆ ಫೋನಿನ ಬಾಗಿಲು, ಚಾಟ್ ಗುಂಪಿಗೆ ಸೇರಿಸಿಕೊಳ್ಳಿ ಎಂದು ರಾತ್ರಿ ಅರ್ಜಿ ಹಾಕಿದವರು. ಒಬ್ಬೊಬ್ಬರಿಗೂ ಕಂಡಕ್ಟರಕ್ಕ ಕಳಿಸುವುದು ಒಂದೇ ಪ್ರಶ್ನೆ: 'ಇವತ್ತು ನಿಮ್ಮವರನ್ನು ಯಾವ ಮಗ್ಗುಲಿಗೆ ಹೊರಳಿಸಿದಿರಿ?' ಮೊದಲ ಉತ್ತರ ತಟ್ಟನೆ ಬರುತ್ತದೆ: 'ಎಡಕ್ಕೆ. ಬಲಗಡೆ ಹುಣ್ಣಾಗಿದೆ.' ಅಕ್ಕ "ರೈಟ್, ಒಳಗೆ ಬನ್ನಿ" ಎಂದು ಬಾಯಲ್ಲೇ ಹೇಳಿ ಗುಂಡಿ ಒತ್ತುತ್ತಾರೆ. ಇನ್ನೊಂದು ಉತ್ತರ ಸ್ವಲ್ಪ ತಡವಾಗಿ ಬರುತ್ತದೆ: 'ನಮಸ್ಕಾರ, ನಮ್ಮ ತೈಲವನ್ನು ಎರಡೂ ಮಗ್ಗುಲಿಗೆ ಹಚ್ಚಬಹುದು.' ನಾನು ನಕ್ಕುಬಿಡುತ್ತೇನೆ. ಅಕ್ಕನಿಗೆ ನಗು ಬರುವುದಿಲ್ಲ. "ಹೋಲ್ಡಾನ್. ಇಳೀರಿ."

"ಮಲಗಿದೋರನ್ನ ನೋಡ್ಕೊಳ್ಳೋರಿಗೆ ಈ ಪ್ರಶ್ನೆಗೆ ಯೋಚನೆ ಮಾಡೋದು ಬೇಕಾಗಲ್ಲ ಸರ್. ನಿಮ್ಮ ಹೆಸರೇನು ಅಂದ್ರೆ ಹೇಳ್ತೀರಲ್ಲ, ಅಷ್ಟೇ ಬೇಗ ಬರುತ್ತೆ. ಯೋಚನೆ ಮಾಡ್ದ ಅಂದ್ರೆ ಅವನು ಟಿಕೆಟ್ ಇಲ್ದೆ ಹತ್ತಿದೋನು."

ಬಸ್ಸಿನಲ್ಲಿ ಟಿಕೆಟ್ ಹರಿಯುವ ಕೆಲಸ ಅವರದು. ಮಧ್ಯಾಹ್ನದ ಪಾಳಿ. ಗಂಡ ಲೇಥ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ನಾಲ್ಕು ತಾಸು ನಿದ್ದೆ ತೆಗೆದು, ತಾಯಿಯ ಪಕ್ಕ ಕೂರುತ್ತಾರೆ. ಹೆಂಡತಿ ಬ್ಯಾಗು ಹೆಗಲಿಗೇರಿಸಿ ಡಿಪೋ ಕಡೆ ಓಡುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಕೂತು ಊಟ ಮಾಡುವುದು ವಾರದ ರಜೆಯಲ್ಲಿ ಮಾತ್ರ, ಅದೂ ಇಬ್ಬರ ರಜೆ ಒಂದೇ ದಿನ ಬಂದರೆ. ಈ ನಡುವೆ ಸಂಬಳವಿಲ್ಲದ, ರಜೆಯೂ ಇಲ್ಲದ ಈ ಅಡ್ಮಿನ್ ಕೆಲಸ.

ಗುಂಪಿನ ಹೆಸರು 'ಮಗ್ಗುಲು'. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸುಮಾರು ಎರಡು ಸಾವಿರ ಜನ ಅದರಲ್ಲಿದ್ದಾರೆ. ಮಗಳು, ಸೊಸೆ, ಗಂಡ, ತಮ್ಮ, ಎಲ್ಲ ಬಗೆಯವರೂ. ಹಾಗಂತ ಇದನ್ನು ಕಂಡಕ್ಟರಕ್ಕ ಕಟ್ಟಿ ಬೆಳೆಸಿದರು ಎಂದು ಬರೆದರೆ ಅವರೇ ಒಪ್ಪುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕಾಯುತ್ತಿದ್ದ ಆರೇಳು ಜನರನ್ನು ಸೇರಿಸಿ ಫಿಸಿಯೋಥೆರಪಿ ಡಾಕ್ಟರೊಬ್ಬರು ಗುಂಪು ಮಾಡಿದರು. "ಅಕ್ಕಾ, ನಿಮಗೆ ಜನ ಸಂಭಾಳಿಸಿ ರೂಢಿ ಇದೆ ಅಂತ ನನ್ನ ಅಡ್ಮಿನ್ ಮಾಡಿದ್ರು. ಮುಂದಿನ ತಿಂಗಳೇ ಕೆಲಸ ಬಿಟ್ಟು ತಾವೇ ಇಳಿದು ಹೋದ್ರು. ಡ್ರೈವರ್ ಇಲ್ಲದ ಬಸ್ಸಿಗೆ ನಾನು ಕಂಡಕ್ಟರು."

ಯಾರ ನಿಜವಾದ ಹೆಸರೂ ಅಲ್ಲಿಲ್ಲ. ಫೋನ್ ನಂಬರು ಕಾಣದಂಥ ಆ್ಯಪನ್ನೇ ಹುಡುಕಿ ಆರಿಸಿಕೊಂಡಿದ್ದಾರೆ. ಎಲ್ಲರಿಗೂ ಅಡ್ಡಹೆಸರು: 'ಮೂರನೇ ಮಗ', 'ಉಪ್ಪಿಲ್ಲದ ಗಂಜಿ', 'ಲಿಫ್ಟ್ ಕೆಟ್ಟಿದೆ'. ಇಷ್ಟೊಂದು ಮುಚ್ಚುಮರೆ ಯಾಕೆ ಎಂದು ಕೇಳಿದ್ದಕ್ಕೆ, ಬರೆದವರ ಒಪ್ಪಿಗೆ ಮೊದಲೇ ಪಡೆದು ಇಟ್ಟುಕೊಂಡಿದ್ದ ಮೂರು ಸಾಲುಗಳನ್ನು ಅಕ್ಕ ನನ್ನ ಮುಂದೆ ಹಿಡಿದರು.

'ಬೆಳಿಗ್ಗೆ ಬಾಗಿಲು ತೆಗೆದು ನೋಡಿದೆ. ಇವತ್ತೂ ಉಸಿರಾಡ್ತಿದಾರೆ. ನನಗೆ ಬೇರೇನೋ ಆಸೆ ಇತ್ತು.'

'ಹೆಂಡತಿ ಕೆನ್ನೆಗೆ ಹೊಡೆದೆ. ಅವಳಿಗೆ ಅಳೋಕೂ ಬರಲ್ಲ. ನಾನೇ ಅತ್ಕೊಂಡೆ.'

'ಅಮ್ಮ ಹೋದ ದಿನ ಮೊದಲು ಈ ಚಾದರ ಸುಡ್ತೀನಿ. ಆಮೇಲೆ ಉಳಿದದ್ದು.'

ನನ್ನ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟೆ. ಮನೆಯ ದೀಪ, ಮಮತೆಯ ಮೂರ್ತಿ ಎಂದೆಲ್ಲ ಬರೆಯಲು ಸಿದ್ಧವಾಗಿ ಬಂದವನು ನಾನು. ಇಂಥದ್ದನ್ನೆಲ್ಲ ಬರೆಯಲು ಬಿಡುತ್ತೀರಾ, ಅದೂ ಎರಡು ಸಾವಿರ ಜನರ ಮುಂದೆ, ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಇಲ್ಲಿ ಬರೀದೆ ಇನ್ನೆಲ್ಲಿ ಬರೀಬೇಕು ಸರ್? ಮನೇಲಿ ಬಾಯಿಬಿಟ್ಟು ಆಡೋಕಾಗುತ್ತಾ? ಇಲ್ಲಿ ಕಕ್ಕಿಬಿಟ್ಟು ಎದ್ದು ಹೋಗ್ತಾರೆ, ಹೋಗಿ ಮತ್ತೆ ಅದೇ ಮುಖ ತೊಳೆಸ್ತಾರೆ, ಅದೇ ಗಂಜಿ ಕುಡಿಸ್ತಾರೆ. ಆ ಹೊಡೆದೋರನ್ನ ನಾನು ಸುಮ್ನೆ ಬಿಟ್ಟೆ ಅಂದ್ಕೋಬೇಡಿ. ಅವತ್ತೇ ಬೇರೆಯಾಗಿ ಕರೆದು ಮಾತಾಡಿ, ಅವರ ನಾದಿನೀನ ಮನೆಗೆ ಕರೆಸಿ, ಒಂದು ವಾರ ಅವರನ್ನ ಮನೆಯಿಂದ ಆಚೆ ಕಳಿಸ್ದೆ. ಚೆನ್ನಾಗಿ ನಿದ್ದೆ ಮಾಡಿ ಬಂದ್ರು. ಈಗ ಸರಿ ಇದಾರೆ."

ಹೀಗಾಗಿ ಗುಂಪಿನ ಮೊದಲ ನಿಯಮ ಒಂದೇ: ಮಲಗಿದವರು ಇಲ್ಲಿ ಇರಬಾರದು. ತಮ್ಮನ್ನು ತೊಳೆದು ಒರೆಸುವ ಕೈ ಇಲ್ಲಿ ಏನು ಬರೆಯುತ್ತಿದೆ ಎಂದು ಅವರಿಗೆ ಎಂದೂ ತಿಳಿಯಕೂಡದು. ತಿಳಿದರೆ ಕಾಯಿಲೆಗಿಂತ ಮುಂಚೆ ಅದೇ ಅವರ ಜೀವ ತೆಗೆಯುತ್ತದೆ ಎಂಬುದು ಎಲ್ಲರ ಭಯ. ಕದ್ದು ಓದಲು ಬರುವವರನ್ನು ತಡೆಯುವುದೇ ಅಡ್ಮಿನ್ನಿನ ದೊಡ್ಡ ಕೆಲಸ. ತನ್ನ ತಾಯಿಯ ಬಗ್ಗೆ ಹೆಂಡತಿ ಏನು ಬರೆಯುತ್ತಾಳೆ ನೋಡೋಣ ಎಂದು ಒಬ್ಬ ಗಂಡ ಬೇರೆ ಹೆಸರಲ್ಲಿ ಒಳಗೆ ಬರಲು ನೋಡಿದ್ದ. ಮಗ್ಗುಲಿನ ಪ್ರಶ್ನೆಗೆ 'ಬೆನ್ನ ಮೇಲೆ' ಎಂದು ಉತ್ತರ ಬರೆದ. ಆ ಮನೆಯಲ್ಲಿ ತಾಯಿಯನ್ನು ಅವನು ಒಮ್ಮೆಯೂ ಹೊರಳಿಸಿಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತು. ಅಕ್ಕ ಅವನನ್ನು ಹತ್ತಿಸಿಕೊಳ್ಳಲಿಲ್ಲ. ಅದಕ್ಕೆ ಅವನು ಕಳಿಸಿದ ಬೈಗುಳಗಳನ್ನು ನನಗೆ ತೋರಿಸಿದರು. ಬಸ್ಸಿನಲ್ಲಿ ಚಿಲ್ಲರೆಗಾಗಿ ತಿನ್ನುವ ಬೈಗುಳ ಅದರ ಮುಂದೆ ಮುದ್ದಿನ ಮಾತು.

ಇಳಿಯುವವರದೂ ಒಂದು ಪದ್ಧತಿ ಇದೆ. ಮನೆಯ ಹಾಸಿಗೆ ಖಾಲಿಯಾದ ದಿನ ಸದಸ್ಯರು ಗುಂಪಿನಲ್ಲಿ ಒಂದೇ ಸಾಲು ಬರೆಯುತ್ತಾರೆ: 'ನನ್ನ ಸ್ಟಾಪ್ ಬಂತು.' ಯಾರೂ ಏನೂ ಕೇಳುವುದಿಲ್ಲ. ಅಕ್ಕ ಅವರನ್ನು ಇಳಿಸುತ್ತಾರೆ. ಕೆಲವರು ಬರೆದ ಮೇಲೂ ಇಳಿಯಲಾರದೆ ತಿಂಗಳುಗಟ್ಟಲೆ ಅಲ್ಲೇ ಉಳಿದು ಬೇರೆಯವರ ಮಾತು ಓದುತ್ತಾ ಇರುತ್ತಾರಂತೆ. "ಇರ್ಲಿ ಬಿಡಿ. ಕೊನೇ ಸ್ಟಾಪ್ ದಾಟಿದ ಮೇಲೂ ಸೀಟಲ್ಲಿ ಕೂತಿರೋರು ಇರ್ತಾರೆ. ಎಬ್ಬಿಸೋಕೆ ನನಗೆ ಮನಸು ಬರಲ್ಲ."

ಇಷ್ಟು ಹೊತ್ತಿಗೆ ನನ್ನ ಚಹಾ ಆರಿಹೋಗಿತ್ತು. ಆದರೆ ನಾನು ನಿಜವಾಗಿ ಬೆಚ್ಚಿಬಿದ್ದದ್ದು ಇದಾದ ಮೇಲೆ, 'ಕಿಟಕಿ'ಯ ಕಥೆ ಕೇಳಿದಾಗ.

ಕಿಟಕಿ ಎಂಬುದು ಒಬ್ಬ ಸದಸ್ಯರ ಅಡ್ಡಹೆಸರು. ಮಗ್ಗುಲಿನ ಪ್ರಶ್ನೆಗೆ ಅವರು 'ಬಲಕ್ಕೆ. ಕಿಟಕಿ ಕಡೆ' ಎಂದು ಬರೆದಿದ್ದರು. ಉತ್ತರ ನಿಧಾನವಾಗಿ ಬಂದರೂ ಅನುಮಾನಕ್ಕೆ ಎಡೆ ಇರಲಿಲ್ಲ. ನಮ್ಮನೇಲೂ ಬಲಕ್ಕೇ ಕಿಟಕಿ ಎಂದುಕೊಂಡು ಕಂಡಕ್ಟರಕ್ಕ ಹತ್ತಿಸಿಕೊಂಡರು. ಮೊದಮೊದಲು ದಿನಕ್ಕೊಂದು ಸಾಲು. ಕ್ರಮೇಣ ಜನ ಆ ಸಾಲಿಗಾಗಿ ಕಾಯತೊಡಗಿದರು. ಕಿಟಕಿ ಹೋಗಿ ಕಿಟಕಿಯಮ್ಮ ಆಯಿತು. ಅವರು ಹೇಳುತ್ತಿದ್ದದ್ದು ಯಾವ ಡಾಕ್ಟರೂ ಹೇಳುವ ಮಾತಲ್ಲ:

'ಮುಟ್ಟೋ ಮುಂಚೆ ಕೈ ಉಜ್ಜಿ ಬಿಸಿ ಮಾಡ್ಕೊಳ್ಳಿ. ತಣ್ಣನೆ ಕೈ ಅಂದ್ರೆ ಬೆನ್ನಿಗೆ ಭಯ.'

'ಚಮಚ ಬಾಯಿಗೆ ತುರುಕ್ಬೇಡಿ. ಮೊದಲು ಮೂಗಿನ ಹತ್ರ ಹಿಡೀರಿ. ಏನು ತಿಂತಿದೀನಿ ಅಂತ ಗೊತ್ತಾಗ್ಲಿ.'

'ಗೋಡೆ ಕಡೆ ತಿರುಗಿಸಿದ ಮೇಲೆ, ಬೆನ್ನ ಹಿಂದೆ ಏನಾಗ್ತಿದೆ ಅಂತ ಹೇಳ್ತಾ ಇರಿ. ಇಲ್ದಿದ್ರೆ ಅವರಿಗೆ ಇಡೀ ಮನೆ ಮಾಯ ಆಗಿರುತ್ತೆ.'

ಕಂಡಕ್ಟರಕ್ಕ ಒಂದೊಂದನ್ನೂ ಅವತ್ತೇ ಮನೆಯಲ್ಲಿ ಮಾಡಿ ನೋಡುತ್ತಿದ್ದರು. ಮೊಣಕಾಲ ನಡುವಿನ ದಿಂಬೂ ಕಿಟಕಿಯಮ್ಮನದೇ ಸಲಹೆ. ಅತ್ತೆಯ ಮುಖ ತಿಳಿಯಾಯಿತು, ನರಳುವುದು ಕಡಿಮೆಯಾಯಿತು. "ಅತ್ತೆ ಹತ್ರ ಹೇಳ್ತಿದ್ದೆ ಸರ್, ನೋಡಿ, ಗುಂಪಲ್ಲಿ ಒಬ್ರಿದಾರೆ, ಎಷ್ಟು ತಿಳ್ಕೊಂಡಿದಾರೆ ಅಂತ. ಅತ್ತೆ ಸುಮ್ನೆ ಕಿಟಕಿ ನೋಡೋರು."

ಕಿಟಕಿಯಮ್ಮನ ಮಾತುಗಳಲ್ಲಿ ಕಂಡಕ್ಟರಕ್ಕ ಎದೆಯಲ್ಲಿ ಇಟ್ಟುಕೊಂಡಿರುವುದು ಮಾತ್ರ ಬೇರೆ. ಅತ್ತೆಗೆ ಜ್ವರ ಬಂದು, ಹಾಸಿಗೆ ಎರಡು ಸಲ ಹಾಳಾಗಿ, ಇವರು ಮತ್ತೊಮ್ಮೆ ಡ್ಯೂಟಿ ತಪ್ಪಿಸಿ, ಡಿಪೋ ಮ್ಯಾನೇಜರು ಫೋನಿನಲ್ಲೇ ಕೂಗಾಡಿದ್ದ ಬೆಳಿಗ್ಗೆ ಅದು. ಎಲ್ಲರ ಕಕ್ಕುವಿಕೆಯನ್ನೂ ಓದಿ ಸಮಾಧಾನ ಹೇಳುವ ಅಡ್ಮಿನ್ ಅವತ್ತು ತಾವೇ ಬರೆದುಬಿಟ್ಟರು: 'ನಮ್ಮತ್ತೆ ಹೋದ್ರೆ ಸಾಕು ಅನ್ನಿಸ್ತಿದೆ. ಒಂದೇ ಒಂದು ದಿನ ಎದ್ದೇಳದೆ ಮಲಗಬೇಕು ನಾನು.'

ಜನ ಏನೇನೋ ಬರೆದರು. ಕಿಟಕಿಯಮ್ಮ 'ಬರೆಯುತ್ತಿದ್ದಾರೆ' ಎಂದು ಪರದೆ ಬಹಳ ಹೊತ್ತು ತೋರಿಸುತ್ತಲೇ ಇತ್ತು. ಕೊನೆಗೆ ಬಂತು: 'ಅನ್ನಿಸ್ಲಿ ತಾಯಿ. ಅನ್ನಿಸಿದ್ದಕ್ಕೆ ಪಾಪ ಇಲ್ಲ. ಮುಖ ತೊಳ್ಕೊಂಡು ಒಂದು ಲೋಟ ಚಹಾ ಕುಡಿ. ಅವರು ಎಲ್ಲೂ ಹೋಗಲ್ಲ, ಕಾಯ್ತಾರೆ.'

ಅಕ್ಕ ಮುಖ ತೊಳೆದು ಚಹಾ ಮಾಡಿಕೊಂಡು ಕುಡಿದರು. ಅತ್ತೆಗೆ ಏನಾದರೂ ಬೇಕಾದರೆ ಚಮಚದಿಂದ ಮಂಚದ ಕಬ್ಬಿಣಕ್ಕೆ ಬಡಿಯುವುದು ಆ ಮನೆಯ ರೂಢಿ. ಕೇಳಿದ್ದಕ್ಕೆ ಒಂದು ಬಡಿತವೆಂದರೆ ಹೌದು, ಎರಡೆಂದರೆ ಬೇಡ. ಅವತ್ತು ಚಹಾ ಮುಗಿಯುವ ತನಕ ಒಳಕೋಣೆಯಿಂದ ಒಂದು ಬಡಿತವೂ ಕೇಳಲಿಲ್ಲ. "ಪುಣ್ಯಕ್ಕೆ ನಿದ್ದೆ ಹೋಗಿದಾರೆ ಅಂದ್ಕೊಂಡೆ ಸರ್."

ಇದಾಗಿ ಎರಡು ತಿಂಗಳಿಗೆ ಬಂತು ಹಾಲಿನ ದಿನ.

ಗುಂಪಿನಲ್ಲಿ ಅವತ್ತು ಬೆಳಿಗ್ಗೆಯೇ ಯುದ್ಧ. ಗಾಳಿ ಹಾಸಿಗೆ ಒಳ್ಳೆಯದೋ ಹತ್ತಿ ಹಾಸಿಗೆಯೋ ಎಂದು ಎರಡು ಪಕ್ಷವಾಗಿ, 'ಮೂರನೇ ಮಗ' ಹತ್ತಿಯ ಕಡೆಯಿಂದ ವೀರಾವೇಶದಲ್ಲಿ ಬರೆಯುತ್ತಿದ್ದ, 'ಉಪ್ಪಿಲ್ಲದ ಗಂಜಿ' ಅವನ ಮನೆತನದವರೆಗೂ ಹೋಗಿದ್ದರು. ಕಂಡಕ್ಟರಕ್ಕ ಮುಂದಿನ ಕೋಣೆಯಲ್ಲಿ ಗೋಡೆಗೊರಗಿ ಕೂತು, ಎರಡೂ ಕಡೆ ಸೀಟಿ ಊದುತ್ತಾ, ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತರು. ಆಗ ಆ ಜಗಳದ ನಟ್ಟನಡುವೆ ಒಂದು ಸಾಲು ಬಂದು ಬಿತ್ತು.

'ಅಡ್ಮಿನ್, ಜಗಳ ಆಮೇಲೆ ಬಿಡಿಸು. ಹಾಲು ಉಕ್ತಿದೆ.'

ಬರೆದವರು ಕಿಟಕಿ.

ಗುಂಪೆಲ್ಲ ನಗೆಯ ಚಿಹ್ನೆಗಳು. 'ಕಿಟಕಿಯಮ್ಮ, ಯಾರ ಮನೆ ಹಾಲು?' ಎಂದು 'ಲಿಫ್ಟ್ ಕೆಟ್ಟಿದೆ' ಕೇಳಿದರು. "ನಾನೂ ನಕ್ಕೆ ಸರ್" ಎನ್ನುತ್ತಾರೆ ಕಂಡಕ್ಟರಕ್ಕ. "ನಗ್ತಾ ಇರೋವಾಗ್ಲೇ ಸೀದ ವಾಸನೆ ಮೂಗಿಗೆ ಬಡೀತು. ಓಡಿ ಹೋಗಿ ಒಲೆ ಆರಿಸ್ದೆ. ಬಟ್ಟೆ ತಗೊಂಡು ಒರೆಸೋಕೆ ಬಗ್ಗಿದೆ. ಬಗ್ಗಿದೋಳು ಹಾಗೇ ನಿಂತ್ಬಿಟ್ಟೆ. ಅವರಿಗೆ ಹೇಗೆ ಗೊತ್ತಾಯ್ತು?"

ಇದನ್ನು ಬರೆದುಕೊಳ್ಳುತ್ತಿದ್ದವನು ತಲೆ ಎತ್ತಿದರೆ ಮಂಚದ ಮೇಲಿಂದ ಅತ್ತೆ ನನ್ನನ್ನೇ ನೋಡುತ್ತಿದ್ದಾರೆ. ಬಾಯಿಯ ಎಡ ಅರ್ಧ ಮಾತ್ರ ನಗುತ್ತಿದೆ.

ಆ ದಿನ ಅತ್ತೆಯ ಚಮಚ ಕೈಜಾರಿ ಮಂಚದ ಕೆಳಗೆ ಬಿದ್ದಿತ್ತು. ಕೂಗಲು ಬಾಯಿಲ್ಲ. ಹಾಲು ಸೀಯುವ ವಾಸನೆ ಒಳಕೋಣೆಗೂ ಬಂದಾಗ ಅವರ ಕೈಯಲ್ಲಿ ಇದ್ದದ್ದು, ಮಗ ವಿಡಿಯೊ ನೋಡಲೆಂದು ಕೊಡಿಸಿದ ಫೋನು. ಅವಸರದಲ್ಲಿ ತಾವು ಯಾರೆಂಬುದನ್ನೇ ಮರೆತು ಬರೆದುಬಿಟ್ಟರು. ಎಂಟು ತಿಂಗಳು ಒಂದು ಸುಳಿವೂ ಕೊಡದೆ ಕಾಯ್ದುಕೊಂಡ ಗುಟ್ಟು ಒಂದು ಪಾತ್ರೆ ಹಾಲಿಗೆ ಹೊರಬಿತ್ತು.

ಅವರಿಗೆ ಅಕ್ಷರಗಳು ಮರೆತಿರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಮನೆಯಲ್ಲಿ ಯಾರೂ ಬರೆಸಿ ನೋಡಿರಲಿಲ್ಲ. ಎಡಗೈ ಹೆಬ್ಬೆರಳಿನಿಂದ ಅವರು ತಾವೇ ಕಲಿತುಕೊಂಡಿದ್ದರು, ಅದೂ ಕಿಟಕಿ ಕಡೆ ಹೊರಳಿಸಿದಾಗ ಮಾತ್ರ. ಗೋಡೆ ಕಡೆ ಹೊರಳಿದರೆ ಎಡಗೈ ಮೈಕೆಳಗೆ ಸಿಕ್ಕಿಬೀಳುತ್ತದೆ. ಒಮ್ಮೆ ತಮ್ಮ ಫೋನಿನ ಚಾರ್ಜು ಮುಗಿದಾಗ ಸೊಸೆ ಅತ್ತೆಯ ಫೋನಿನಿಂದ ಯಾರಿಗೋ ಗುಂಪಿನ ಲಿಂಕು ಕಳಿಸಿದ್ದರು. ಅದು ಅಲ್ಲೇ ಉಳಿದಿತ್ತು. ಇನ್ನು ಕಾವಲಿನ ಪ್ರಶ್ನೆ? ಯಾವ ಮಗ್ಗುಲಿಗೆ ಎಂಬುದು ಹೊರಳಿಸುವವರಿಗೆ ಎಷ್ಟು ಗೊತ್ತೋ ಹೊರಳುವವರಿಗೂ ಅಷ್ಟೇ ಗೊತ್ತು. ಅಷ್ಟೆಲ್ಲ ಮೋಸಗಾರರನ್ನು ಹಿಡಿದ ಆ ಪ್ರಶ್ನೆಯಲ್ಲಿ ಇಷ್ಟು ದೊಡ್ಡ ತೂತಿದೆ ಎಂದು ಎರಡು ಸಾವಿರ ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅತ್ತೆ ಸೊಸೆ ತಬ್ಬಿಕೊಂಡು ಅತ್ತರು ಎಂದು ನೀವು ಅಂದುಕೊಂಡಿದ್ದರೆ ತಪ್ಪು. "ಸಿಟ್ಟು ಬಂತು, ಎಂಥಾ ಸಿಟ್ಟು ಅಂತೀರಿ! ಹಾಲಿನ ಬಟ್ಟೆ ಕೈಯಲ್ಲೇ ಇತ್ತು. ಮಂಚದ ಮುಂದೆ ಹೋಗಿ ನಿಂತು ಕೂಗಾಡ್ದೆ. ನಾಚಿಕೆ ಆಗಲ್ವಾ ಅತ್ತೆ, ಇಷ್ಟು ಜನರ ಮನೆ ಮಾತು ಕದ್ದು ಓದೋಕೆ ಅಂದೆ. ಎಷ್ಟು ದಿನದಿಂದ ಅಂದೆ. ಅನ್ನುತ್ತಾ ಅನ್ನುತ್ತಾ ನೆನಪಾಯ್ತು, ನಾನು ಬರೆದಿದ್ದೂ ಅಲ್ಲೇ ಇದೆ. ಅದಕ್ಕೆ ಉತ್ತರ ಕೊಟ್ಟಿದ್ದು ಇವರೇ. ಚಹಾ ಕುಡಿ ಅಂದೋರು ಇವರೇ." ಇಷ್ಟು ಹೇಳಿ ಕಂಡಕ್ಟರಕ್ಕ ಮಂಚದ ಚಾದರದ ಸುಕ್ಕು ಎಳೆದು ಸರಿಮಾಡುತ್ತಾರೆ. "ನೆಲದ ಮೇಲೆ ಕೂತ್ಬಿಟ್ಟೆ."

ಅತ್ತೆ ಫೋನಿನಲ್ಲಿ ಬರೆದು ತೋರಿಸಿದರಂತೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. 'ಎಕ್ಸ್‌ಚೇಂಜಲ್ಲಿ ಎಷ್ಟೋ ಕೇಳಿದೀನಿ. ಒಂದೂ ಹೊರಗೆ ಬಿಟ್ಟಿಲ್ಲ.' ಹಾಗಾದರೆ ಬರೆಯಲು ಬರುತ್ತದೆ ಎಂದು ಮನೆಯವರಿಗೇ ಯಾಕೆ ಹೇಳಲಿಲ್ಲ ಎಂದು ಸೊಸೆ ಕೇಳಿದ್ದಕ್ಕೆ ಬಂದ ಉತ್ತರವನ್ನು ನಾನು ಕಣ್ಣಾರೆ ಓದಿದೆ. 'ನೀವು ನನ್ನ ಹೌದಾ ಬೇಡ್ವಾ ಅಷ್ಟೇ ಕೇಳ್ತಿದ್ರಿ. ಅಲ್ಲಿ ನನ್ನ ಮಾತಿಗೆ ಕಾಯೋರಿದ್ರು.'

ಮನೆಯ ಲೆಕ್ಕ ಮನೆಯಲ್ಲೇ ಮುಗಿಯಬಹುದಿತ್ತು. ಆದರೆ ಗುಂಪು? ಮಲಗಿದವರ್ಯಾರೂ ಓದುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಅಷ್ಟು ಜನ ಎದೆ ಬಗೆದಿಟ್ಟಿದ್ದರು. ಗಂಡ ರಾತ್ರಿ ಪಾಳಿಯಿಂದ ಬಂದವರು, ಹೇಳಬೇಡ, ಸುಮ್ಮನೆ ಕಿಟಕಿಯನ್ನು ಇಳಿಸಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದರಂತೆ. ಬುದ್ಧಿವಂತಿಕೆಯ ಮಾತೇ. ಹೇಳಿದರೆ ಗುಂಪು ಒಡೆಯುವುದು ಖಂಡಿತ.

ಕಂಡಕ್ಟರಕ್ಕ ಅತ್ತೆಯನ್ನೇ ಕೇಳಿದರು. ಅತ್ತೆ ಬರೆದದ್ದು ಒಂದೇ ಪದ: 'ಇಳಿಸು.' ಸ್ವಲ್ಪ ಬಿಟ್ಟು ಇನ್ನೊಂದು: 'ಹೇಳಿ ಇಳಿಸು.'

ಅಡ್ಮಿನ್ ಬರೆದರು: 'ಎಂಟು ತಿಂಗಳಿಂದ ನಮ್ಮ ಗುಂಪಲ್ಲಿ ಮಲಗಿದೋರು ಒಬ್ರಿದ್ರು. ಕಿಟಕಿ ಅಂದ್ರೆ ನಮ್ಮತ್ತೆ. ಹತ್ತಿಸಿಕೊಂಡಿದ್ದು ನಾನೇ, ತಪ್ಪು ನಂದು. ಈಗ ಇಳಿಸ್ತಿದೀನಿ. ಬಯ್ಯೋರು ನನಗೆ ಬಯ್ಯಿರಿ.'

ಆಮೇಲೆ ಮಧ್ಯಾಹ್ನದವರೆಗೆ ಗುಂಪಿನಲ್ಲಿ ಒಂದಕ್ಷರವಿಲ್ಲ. ಎರಡು ಸಾವಿರ ಮನೆಗಳಲ್ಲಿ ಎರಡು ಸಾವಿರ ಜನ ಫೋನು ಹಿಡಿದು ಕಲ್ಲಾಗಿ ಕೂತಿರಬೇಕು. ಮೊದಲು ಬರೆದದ್ದು ಚಾದರ ಸುಡುತ್ತೇನೆಂದಿದ್ದ ಮಗಳು: 'ನಾನು ಅಮ್ಮನ ಬಗ್ಗೆ ಬರೆದಿದ್ದನ್ನ ಒಬ್ಬ ಅಮ್ಮ ಓದಿದಾರೆ.' ಅಷ್ಟೇ ಬರೆದು ಅವರು ಇಳಿದು ಹೋದರು. ಅವರ ಹಿಂದೆ ಇನ್ನೂರು ಮುನ್ನೂರು ಜನ. ದ್ರೋಹಿ ಎಂದವರಿದ್ದರು, ಅತ್ತೆ ಸೊಸೆ ಸೇರಿ ನಾಟಕ ಆಡಿದರು ಎಂದವರಿದ್ದರು. ಅಕ್ಕ ಅವತ್ತು ಬಸ್ಸಿನಲ್ಲಿ ಮೂರು ಸ್ಟಾಪಿನ ಜನಕ್ಕೆ ಟಿಕೆಟ್ ಕೊಡುವುದನ್ನೇ ಮರೆತರಂತೆ.

ಮರುದಿನ ಬೆಳಿಗ್ಗೆ 'ಮೂರನೇ ಮಗ' ಬರೆದ. ಹತ್ತಿ ಹಾಸಿಗೆಯ ಆ ಜಗಳಗಂಟ. ಬೈಗುಳ ಇರಬೇಕೆಂದು ಅಕ್ಕ ಅರ್ಧ ಕಣ್ಣು ಮುಚ್ಚಿಯೇ ಓದಿದರು. 'ಕಂಡಕ್ಟರಕ್ಕ, ನಿಮ್ಮತ್ತೇನ ಒಂದು ಮಾತು ಕೇಳಿ ಹೇಳಿ. ನಮ್ಮಪ್ಪನೂ ಮಾತಾಡಲ್ಲ. ನಾವು ಮಂಚದ ಪಕ್ಕ ನಿಂತು ಆಡೋದೆಲ್ಲ ಅವರಿಗೂ ಹೀಗೇ ತಿಳೀತಿರುತ್ತಾ?'

ಅಕ್ಕ ಅದನ್ನು ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿದರು. ಅತ್ತೆ ಬರೆದದ್ದನ್ನು ಹಾಗೆಯೇ ಗುಂಪಿಗೆ ಹಾಕಿದರು: 'ತಿಳಿಯುತ್ತೆ ಅಂತಲೇ ಇಟ್ಕೊಂಡು ಮಾತಾಡಿ.'

ಸಂಜೆಗೆ ಮೂರನೇ ಮಗ ಬರೆದದ್ದನ್ನು ಅವನ ಒಪ್ಪಿಗೆಯಿಂದಲೇ ಇಲ್ಲಿ ಕೊಡುತ್ತಿದ್ದೇನೆ. 'ದೊಡ್ಡಣ್ಣ ತೀರಿಕೊಂಡು ಆರು ತಿಂಗಳಾಯ್ತು. ಅಪ್ಪನಿಗೆ ಗೊತ್ತಾಗಬಾರದು ಅಂತ ಮುಚ್ಚಿಟ್ಟಿದ್ವಿ. ಆದ್ರೆ ಫೋನಲ್ಲಿ ಎಲ್ಲರಿಗೂ ಹೇಳಿದ್ದು ಅವರ ಮಂಚದ ಪಕ್ಕ ನಿಂತೇ. ಇವತ್ತು ಹತ್ರ ಕೂತು ಹೇಳಿದೆ. ಕೈ ಹಿಡ್ಕೊಂಡ್ರು. ಬಿಡಲೇ ಇಲ್ಲ.'

ಆ ತಂದೆ ಆರು ತಿಂಗಳು ಒಬ್ಬರೇ, ಅಳುವ ಹಕ್ಕೂ ಇಲ್ಲದೆ, ಸತ್ತ ಮಗನಿಗಾಗಿ ಸೂರು ನೋಡುತ್ತಾ ಮಲಗಿದ್ದರಲ್ಲ!

ಇಳಿದು ಹೋದವರಲ್ಲಿ ಅರ್ಧಕ್ಕರ್ಧ ಜನ ಮತ್ತೆ ಬಾಗಿಲಿಗೆ ಬಂದಿದ್ದಾರೆ. ಚಾದರದ ಮಗಳೂ ಬಂದಿದ್ದಾರೆ. ಕಿಟಕಿಯಮ್ಮನನ್ನು ಮಾತ್ರ ಮತ್ತೆ ಹತ್ತಿಸಿಕೊಂಡಿಲ್ಲ. ಬೇಡಿಕೆ ಬಂದಿತ್ತು, ಅಕ್ಕ ಒಪ್ಪಲಿಲ್ಲ. "ನಿಯಮ ನಿಯಮಾನೇ ಸರ್. ಜನ ಕಕ್ಕಬೇಕು, ಅವರು ಅದನ್ನ ಓದಬಾರದು." ಆದರೆ ಯಾರಾದರೂ 'ಕಿಟಕಿಯಮ್ಮನ್ನ ಕೇಳಿ' ಎಂದು ಬರೆದರೆ ಅಕ್ಕ ಆ ಪ್ರಶ್ನೆಯಷ್ಟನ್ನೇ ಬೆಳಿಗ್ಗೆ ಮಂಚದ ಪಕ್ಕ ಓದುತ್ತಾರೆ, ಬಂದ ಉತ್ತರವನ್ನು ಹಾಕುತ್ತಾರೆ. ಇವತ್ತು ನಾಲ್ಕು ಪ್ರಶ್ನೆ ಇದ್ದವು. ಅದರಲ್ಲೊಂದು, ಮಲಗಿರುವ ಗಂಡನಿಗೆ ಕ್ಷೌರ ಮಾಡಿಸುವಾಗ ಅವರ ಕಣ್ಣಲ್ಲಿ ನೀರು ಬರುತ್ತದೆ, ನೋವಾಗುತ್ತಿದೆಯೇ ಎಂದು. ಅತ್ತೆಯ ಉತ್ತರ: 'ಕನ್ನಡಿ ತೋರಿಸಿ ನೋಡಿ. ತಮ್ಮ ಮುಖ ತಾವು ನೋಡಿ ಎಷ್ಟು ದಿನ ಆಯ್ತೋ.'

ಬಾಗಿಲಲ್ಲಿ ನಿಂತವರಿಗೆ ಈಗ ಎರಡನೆಯ ಪ್ರಶ್ನೆಯೂ ಇದೆ: 'ಹೊರಳಿಸುವ ಮುಂಚೆ ಅವರಿಗೆ ಏನು ಹೇಳಿದಿರಿ?' ವಿಚಿತ್ರವೆಂದರೆ ಇದಕ್ಕೆ ತಡವರಿಸುವವರು ತೈಲ ಮಾರುವವರಲ್ಲ, ವರ್ಷಗಟ್ಟಲೆ ಸೇವೆ ಮಾಡಿ ಸೊಂಟ ಮುರಿದುಕೊಂಡವರು. 'ಏನೂ ಹೇಳಲಿಲ್ಲ' ಎಂದು ಬರೆಯುತ್ತಾರೆ. ಅಂಥವರನ್ನು ಏನು ಮಾಡುತ್ತೀರಿ ಎಂದೆ. "ಹತ್ತಿಸ್ಕೊತೀನಿ. ನಾಳೆ ಹೇಳ್ತಾರೆ ಬಿಡಿ."

ಹೊರಡುವ ಮುಂಚೆ ಪದ್ಧತಿಯಂತೆ ಕೇಳಿದೆ, ನಿಮ್ಮ ಆಸೆ ಏನು ಎಂದು. ಕಂಡಕ್ಟರಕ್ಕ ಯೋಚಿಸಲೇ ಇಲ್ಲ. "ಒಂದು ರಾತ್ರಿ ಪೂರ್ತಿ ನಿದ್ದೆ. ಇದನ್ನ ಈಗ ಅತ್ತೆ ಮುಂದೇನೇ ಹೇಳ್ತೀನಿ." ಮಂಚದಿಂದ ಟಣ್ ಎಂದು ಒಂದು ಬಡಿತ ಕೇಳಿತು. ಒಪ್ಪಿಗೆ ಇದೆ ಎಂದರ್ಥ.

ನಿಮ್ಮದೇನಮ್ಮ ಆಸೆ ಎಂದು ಅತ್ತೆಯನ್ನೂ ಕೇಳಿದೆ. ಅವರು ಫೋನು ತೆಗೆದುಕೊಂಡರು. ಹೆಬ್ಬೆರಳು ನಿಧಾನವಾಗಿ ಹುಡುಕುತ್ತಾ ಹೋಯಿತು. ಅಕ್ಕ ಅಷ್ಟರಲ್ಲಿ ಒಗೆದ ಚಾದರ ಹರವಿ ಬಂದರು, ಗಂಜಿಗೆ ಇಟ್ಟು ಬಂದರು. ನಾನು ಕಾದೆ. ಕೊನೆಗೆ ಅತ್ತೆ ಫೋನನ್ನು ನನ್ನ ಕಡೆಗೆ ಚಾಚಿದರು. ಸೊಸೆಯ ಕಡೆಗಲ್ಲ.

'ನಾನು ಹೋದ ದಿನ ಇವಳು ನನ್ನ ಸ್ಟಾಪ್ ಬಂತು ಅಂತ ಬರೆದು ಇಳಿದುಬಿಡ್ತಾಳೆ. ಇವಳನ್ನ ಇಳಿಯೋಕೆ ಬಿಡಬೇಡಿ ಅಂತ ಪೇಪರಲ್ಲಿ ಹಾಕಿ. ಚಹಾ ಕುಡಿದ್ಯಾ ಅಂತ ಇವಳನ್ನ ಕೇಳೋರು ಇರೋದು ಅಲ್ಲೇ.'

ಕಂಡಕ್ಟರಕ್ಕ ನನ್ನ ಭುಜದ ಮೇಲಿಂದ ಬಗ್ಗಿ ಓದಿದರು. ಫೋನನ್ನು ನನ್ನ ಕೈಯಿಂದ ತೆಗೆದು ದಿಂಬಿನ ಪಕ್ಕ ಇಟ್ಟರು. ಅಂಗೈಗಳೆರಡನ್ನೂ ಉಜ್ಜಿದರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಹೊರಳಿಸುವ ಹೊತ್ತಾಗಿತ್ತು.

"ಅತ್ತೆ, ಈಗ ಗೋಡೆ ಕಡೆ ಹೊರಳಿಸ್ತೀನಿ" ಎಂದರು. "ಗಂಜಿ ಒಲೆ ಮೇಲಿದೆ, ನೋಡ್ಕೊತೀನಿ, ಉಕ್ಕೋಕೆ ಬಿಡಲ್ಲ. ನಾನು ಇಲ್ಲೇ ಇದೀನಿ, ಎಲ್ಲೂ ಇಳಿಯಲ್ಲ. ನಿಮ್ಮ ಬೆನ್ನ ಹಿಂದೆ ಪೇಪರ್‌ನವರು ಅಳ್ತಾ ಕೂತಿದಾರೆ."